ಎರಡೂ ಸಲ ಒಂದೇ ಉತ್ತರ

ಗುಂಡಿನಹಾಳದ ಊರಬಾವಿಗೆ ಐವತ್ತೆರಡು ಪಾವಟಿಗೆ, ನೀರಿನ ತನಕ ಇಳಿಯುವ ಕಲ್ಲಿನ ಮೆಟ್ಟಿಲು. ದೊಡವಾಡದಿಂದ ಒಂದು ಹರದಾರಿ ದೂರ, ಎರೆಹೊಲಗಳ ನಡುವೆ ಇದ್ದ ಊರು. ಆಗ ಅದು ಸಂಪಗಾವ ತಾಲೂಕಿಗೆ ಸೇರಿತ್ತು, ಕಚೇರಿ ಮಾತ್ರ ಬೈಲಹೊಂಗಲದಲ್ಲಿ. ಕಾರ್ತಿಕ ಮಾಸದಲ್ಲಿ ಬಾವಿಯ ನೀರು ಮೇಲಿನ ಹತ್ತನೆಯ ಪಾವಟಿಗೆಯ ತನಕ ಬಂದು ನಿಲ್ಲುತ್ತಿತ್ತು. ಹೆಂಗಸರು ಬಾಗಿ ಕೊಡ ಅದ್ದಿದರೆ ಸಾಕು, ತುಂಬುತ್ತಿತ್ತು. ಯುಗಾದಿ ಹತ್ತಿರ ಬಂತೆಂದರೆ ಅದೇ ನೀರು ತಳ ಕಂಡು, ಮೊಣಕಾಲುದ್ದದ ರಾಡಿಯಾಗಿ, ಅದರೊಳಗೆ ಕಾಲಿಟ್ಟು ನಿಂತೇ ತುಂಬಿಕೊಳ್ಳಬೇಕಾಗುತ್ತಿತ್ತು. ಕಾಲಲ್ಲಿ ನಾರುಹುಣ್ಣು ಆದವರೂ ಅದರಲ್ಲೇ ಇಳಿಯುತ್ತಿದ್ದರು. ತಣ್ಣೀರಿನಲ್ಲಿ ನಿಂತರೆ ಹುಣ್ಣಿನ ಉರಿ ಇಳಿಯುತ್ತದೆಂದು ಬೇಕೆಂದೇ ಒಂದಿಷ್ಟು ಹೊತ್ತು ಹೆಚ್ಚಿಗೆ ನಿಲ್ಲುತ್ತಿದ್ದರು.

ನಾರುಹುಣ್ಣು ಕಂಡವರು ಈಗ ಕಡಿಮೆ. ಮೊದಲು ಕಾಲಿನ ಮೇಲೆ ಒಂದು ಬೊಬ್ಬೆ ಏಳುತ್ತದೆ, ಕೆಂಡ ಇಟ್ಟಂತೆ ಉರಿಯುತ್ತದೆ. ಬೊಬ್ಬೆ ಒಡೆದ ಮೇಲೆ ಅದರೊಳಗಿಂದ ಬಿಳೀ ನೂಲಿನಂಥ ಹುಳದ ತುದಿ ಹೊರಗೆ ಬರುತ್ತದೆ. ಆ ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಬೆರಳಿನಷ್ಟು ಮಾತ್ರ ಎಳೆಯಬೇಕು. ಮೊಳದುದ್ದ, ಒಮ್ಮೊಮ್ಮೆ ಎರಡು ಮೊಳ. ತಾಳ್ಮೆ ತಪ್ಪಿ ಎಳೆದು ನಡುವೆ ಹರಿದರೆ ಉಳಿದದ್ದು ಒಳಗೇ ಕೊಳೆತು, ಕಾಲು ಕೀವಾಗಿ, ಮನುಷ್ಯ ಎದ್ದರೆ ಎದ್ದ, ಇಲ್ಲದಿದ್ದರೆ ಇಲ್ಲ.

ಆ ಊರಿನ ಕನ್ನಡ ಸಾಲಿಯ ಮಾಸ್ತರ ಗಂಗಯ್ಯ. ಜಂಗಮರ ಮನೆಯವನು, ಐವತ್ತರ ಹತ್ತಿರ ಬಂದಿದ್ದ. ದೊಡ್ಡ ಪ್ಲೇಗು ಬಂದು ಊರೂರನ್ನೇ ಹೊಲಕ್ಕೆ ಓಡಿಸಿ ಹೋಗಿ ಆಗ ಹತ್ತು ಹನ್ನೆರಡು ವರ್ಷ ಆಗಿತ್ತು. ಆ ಪ್ಲೇಗಿನಲ್ಲಿ ಗಂಗಯ್ಯನ ಎರಡು ಗಂಡುಮಕ್ಕಳು ಹೋಗಿದ್ದರು. ಆಮೇಲೆ ಹುಟ್ಟಿದವಳು ಸುಂದರವ್ವ. ಹತ್ತು ವರ್ಷದ ಹುಡುಗಿ, ಸಾಲಿಯಲ್ಲಿ ಅವಳೊಬ್ಬಳೇ ಹೆಣ್ಣು, ಮಾಸ್ತರನ ಮಗಳೆಂದು ಯಾರೂ ಏನೂ ಅನ್ನುತ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಅವಳ ಎಡಗಾಲಿನ ಹಿಮ್ಮಡಿಯ ಹತ್ತಿರ ನಾರು ಹೊರಟಿತ್ತು. ಇಪ್ಪತ್ತೆರಡು ದಿನ ಗಂಗಯ್ಯ ತಾನೇ ಕೂತು, ಉಸಿರು ಬಿಗಿಹಿಡಿದು, ಕಡ್ಡಿ ಸುತ್ತಿ ಸುತ್ತಿ ತೆಗೆದಿದ್ದ. ಇನ್ನೊಂದು ಸಲ ತನ್ನ ಕೈಯಿಂದ ಆ ಕೆಲಸ ಆಗಲಾರದೆಂದು ಅವನಿಗೆ ಗೊತ್ತಿತ್ತು.

ಶ್ರಾವಣದಲ್ಲಿ ಸಾಲಿ ನೋಡಲು ಬರುವ ದಿಪೂಟಿ ಸಾಹೇಬರು ಬಂದರು. ಧಾರವಾಡದ ಕಡೆಯ ಬ್ರಾಹ್ಮಣರು, ತೆಳ್ಳಗಿನ ಆಳು, ಕುದುರೆ ಮೇಲೆ ಬರುತ್ತಿದ್ದರು. ಸುಳ್ಳು ಸಹಿಸದ ಮನುಷ್ಯರೆಂದು ತಾಲೂಕಿನ ಮಾಸ್ತರರೆಲ್ಲ ಹೆದರುತ್ತಿದ್ದರು. ಆ ಸಲ ಅವರು ಲೆಕ್ಕ ಕೇಳಲಿಲ್ಲ, ಮಗ್ಗಿ ಕೇಳಲಿಲ್ಲ. ಆರೋಗ್ಯದ ಪಾಠವೆಂದು ಒಂದು ಹೊಸ ಪಾಠ ತಂದಿದ್ದರು.

"ಇದು ದೇವರ ಮುನಿಸಲ್ಲ, ಮಾಸ್ತರ," ಅಂದರು. "ನೀರಾಗ ಕಣ್ಣಿಗೆ ಕಾಣದ ಹುಳಾ ಅವ, ಹುಣ್ಣಿನ ಕಾಲಿಂದ ನೀರಿಗೆ ಇಳದಾವ. ಈ ಬ್ಯಾಸಿಗಿ ಕುಡದದ್ದು ಮುಂದಿನ ಬ್ಯಾಸಿಗಿಗೆ ಕಾಲಾಗಿಂದ ಹೊರಗ ಬರ್ತದ. ಎರಡು ಪದರ ಅರಿವ್ಯಾಗ ಸೋಸಿ ಕುಡದ್ರ ಆತು. ಮಕ್ಕಳಿಗೆ ಕಲಸ್ರಿ, ಮಕ್ಕಳು ಹೋಗಿ ತಾಯಂದ್ರಿಗೆ ಕಲಸ್ತಾವ."

ಗಂಗಯ್ಯ ಕೈ ಮುಗಿದು ಕೇಳಿದ. "ಸಾಹೇಬ್ರ, ಪಾವಟಿಗಿ ಮುಚ್ಚಿ, ಸುತ್ತ ಕಲ್ಲಿನ ಕಟ್ಟಿ ಕಟ್ಟಿ, ಗಡಗಡಿ ಹಾಕಿದ್ರ ಕಾಲು ನೀರಿಗೇ ಮುಟ್ಟೂದಿಲ್ಲಲ್ರಿ. ಮ್ಯಾಲಿಂದನ ಸೇದಬಹುದು."

"ಅದು ಎಲ್ಲಕ್ಕಿಂತ ಚಲೋ. ಆದ್ರ ತಾಲೂಕು ಬೋರ್ಡಿನವರು ವರ್ಷಕ್ಕ ಒಂದ ಬಾವಿ ಹಂಗ ಮಾಡ್ಸೋದು, ಇಡೀ ತಾಲೂಕಿನಾಗ ಒಂದ. ಯಾವ ಊರಿಗೆ ಅನ್ನೋದು ನನ್ನ ವರದಿ ನೋಡಿ ತೀರ್ಮಾನ ಮಾಡ್ತಾರ."

ಈ ಒಂದು ಮಾತು ಗಂಗಯ್ಯನ ಎದೆಯಲ್ಲಿ ಕೂತುಬಿಟ್ಟಿತು. ಮೂವತ್ತು ವರ್ಷ ಅವನು ದಿಪೂಟಿಗಳನ್ನು ಕಂಡವನು. ಹಳೇ ಕಾಲದಲ್ಲಿ ಹುಡುಗರು ಎಷ್ಟು ಚಲೋ ಉತ್ತರ ಕೊಟ್ಟರೆ ಸಾಲಿಗೆ ಅಷ್ಟು ಅನುದಾನ. ಉತ್ತರ ಕೆಟ್ಟರೆ ಸಾಲಿಯೂ ಕೆಟ್ಟಿತು. ಸರಕಾರದವರಿಂದ ಏನಾದರೂ ಬರುವುದಿದ್ದರೆ ಅದು ಒಳ್ಳೆ ಉತ್ತರದ ಬೆನ್ನು ಹತ್ತಿಯೇ ಬರುತ್ತದೆ, ಇದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಪಾಠ ಚಲೋ ಹತ್ತಿದ ಊರಿಗೆ ಬಾವಿ. ಹಾಗಂತ ಸಾಹೇಬರು ಹೇಳಿರಲಿಲ್ಲ. ಅವನೂ ಬಿಡಿಸಿ ಕೇಳಲಿಲ್ಲ.

ಸಾಹೇಬರು ಪಾಠ ಕೊಟ್ಟು ಸುಮ್ಮನೆ ಹೋಗುವವರಲ್ಲ. ಪಾಠ ಹತ್ತಿತೋ ಇಲ್ಲವೋ ಎಂದು ತಿಳಿಯುವ ಒಂದು ರೀತಿ ಮಾಡಿದ್ದರು. ಒಂದೊಂದು ಮಗುವಿನ ಹೆಸರು ಬರೆದು, ಮನೆಯಲ್ಲಿ ಕುಡಿಯುವ ನೀರು ಸೋಸುತ್ತಾರೋ ಇಲ್ಲವೋ ಕೇಳಿ, ಹೌದು ಇಲ್ಲ ಬರೆಯಬೇಕು. ಕಾರ್ತಿಕದಲ್ಲಿ ಒಂದು ಸಲ ಮಾಸ್ತರ ಕೇಳಬೇಕು. ಬೇಸಿಗೆಯಲ್ಲಿ ಇನ್ನೊಂದು ಸಲ ತಾವೇ ಬಂದು, ಮೊದಲೇ ತಿಳಿಸದೆ, ಕೇಳುತ್ತಾರೆ.

"ಎರಡು ಸಲ ಯಾಕ್ರಿ?" ಎಂದ ಗಂಗಯ್ಯ.

"ಒಂದ ಸಲ ಕೇಳಿದ್ದು ನನಗ ಖಾತ್ರಿ ಇಲ್ಲ. ಒಂದೂರಾಗ ಸೋಮವಾರ ಎಲ್ಲಾ ಹುಡುಗರೂ ಹೌದ್ರಿ ಅಂದ್ವು, ಮುಂದಿನ ಸೋಮವಾರ ಅವೇ ಹುಡುಗರು ಇಲ್ರಿ ಅಂದ್ವು. ಯಾವದು ನಂಬಲಿ? ತಕ್ಕಡಿ ಅದ ಅನ್ಕೋರಿ. ಅದ ಚೀಲಾ ಮುಂಜಾನೆ ಇಟ್ರೂ ಸಂಜೀಕ ಇಟ್ರೂ ಅದ ತೂಕ ತೋರಿಸ್ತಂದ್ರ ಆ ತಕ್ಕಡಿ ಮ್ಯಾಲ ಭರೋಸಾ ಇಡಬಹುದು. ಎರಡೂ ಸಲ ಉತ್ತರ ಕೂಡಿತಂದ್ರ ನಾನು ಕಣ್ಣು ಮುಚ್ಚಿ ನಂಬ್ತೀನಿ."

ಗಂಗಯ್ಯ ಮನಸ್ಸಿಟ್ಟು ಕಲಿಸಿದ. ಮಳೆಗಾಲ ಪೂರ್ತಿ ದಿನಾ ಮಧ್ಯಾಹ್ನ ಅದೇ ಪಾಠ. ಕೊಡದ ಬಾಯಿಗೆ ಅರಿವೆ ಕಟ್ಟುವುದು ಹೇಗೆ, ಎಷ್ಟು ಪದರ, ಆಮೇಲೆ ಬಿಸಿಲಿಗೆ ಹಾಕುವುದು ಹೇಗೆ, ಎಲ್ಲ ಮಾಡಿ ತೋರಿಸಿದ. ಹುಡುಗರು ಮನೆಗೆ ಹೋಗಿ ತಾಯಂದಿರ ಜೀವ ತಿಂದರು. ಹಳೇ ಧೋತರ ಹರಿದು, ತೊಳೆದು, ಮನೆಮನೆಯಲ್ಲೂ ಒಂದೊಂದು ಸೋಸುವ ಅರಿವೆ ಆಯಿತು. ಕಾರ್ತಿಕದಲ್ಲಿ ನೀರು ತಿಳಿಯಾಗಿತ್ತು, ಅರಿವೆಯೊಳಗಿಂದ ಜುಳುಜುಳು ಇಳಿಯುತ್ತಿತ್ತು. ಹೆಂಗಸರಿಗೆ ಅದೇನು ಭಾರವೆನಿಸಲಿಲ್ಲ.

ಎಣಿಸುವ ದಿನ ಗಂಗಯ್ಯ ಒಂದು ಕೆಲಸ ಮಾಡಿದ. ಯಾವ ಮಗುವೂ ಸುಳ್ಳು ಹೇಳಬಾರದು, ಸಾಹೇಬರಿಗೆ ಹೋಗುವ ಕಾಗದ ಸ್ವಚ್ಛ ಇರಬೇಕು. ಅದಕ್ಕೆ ಮನೆಯಿಂದ ವಿಭೂತಿಯ ಬಟ್ಟಲು ತಂದು ಮುಂದಿಟ್ಟ. ಹೆಸರು ಕೂಗಿದಂತೆ ಒಂದೊಂದು ಮಗು ಬಂದು ವಿಭೂತಿ ಮುಟ್ಟಿ ಉತ್ತರ ಹೇಳಬೇಕು.

"ಈಬತ್ತಿ ಮುಟ್ಟಿ ಆಡಿದ ಮಾತು ಮತ್ತ ಹೊಳ್ಳಿಸಬಾರದು, ಬದಲ ಮಾಡಬಾರದು, ತಿಳೀತಿಲ್ಲೊ?" ಎಂದ. "ಹೊಳ್ಳಿಸಿದ್ರ ಆ ಮಾತೂ ಸುಳ್ಳಾಕ್ಕೈತಿ, ಈ ಮಾತೂ ಸುಳ್ಳಾಕ್ಕೈತಿ."

ಜಂಗಮರ ಕೈಯ ವಿಭೂತಿ. ಲಿಂಗವಂತರ ಮಕ್ಕಳಷ್ಟೇ ಅಲ್ಲ, ಕುರುಬರವೂ ಅಂಬಿಗರವೂ ಅಂಜಿಕೊಂಡೇ ಮುಟ್ಟಿದವು. ನಲವತ್ತಮೂರು ಮಕ್ಕಳಲ್ಲಿ ನಲವತ್ತೊಂದು ಸೋಸುತ್ತೇವೆ ಅಂದವು. ಕುರಿ ಹಿಂದೆ ಅಡವಿಯಲ್ಲೇ ಇರುವ ಲಕ್ಕಪ್ಪನ ಇಬ್ಬರು ಮಕ್ಕಳು ಮಾತ್ರ ಇಲ್ಲ ಅಂದವು. ಅಂದು ಆಡಿದ್ದೆಲ್ಲ ನಿಜವೇ ಆಗಿತ್ತು.

ಪುಷ್ಯ ಕಳೆಯಿತು. ನೀರು ಪಾವಟಿಗೆ ಪಾವಟಿಗೆಯಾಗಿ ಇಳಿಯಿತು. ಶಿವರಾತ್ರಿ ಹೊತ್ತಿಗೆ ರಾಡಿ ಏಳಲು ಹತ್ತಿತು. ಒಂದು ದಿನ ಗಂಗಯ್ಯ ಮನೆಗೆ ಬಂದಾಗ ಹೆಂಡತಿ ರಾಚವ್ವ ಕೊಡದ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಅರಿವೆಯ ಮೇಲೆ ಎರೆಮಣ್ಣಿನ ರಾಡಿ ಗಟ್ಟಿಯಾಗಿ ಕೂತಿತ್ತು, ಕೆಳಗೆ ಹನಿ ಹನಿ ನೀರು.

"ನೋಡ್ರಿ ನಿಮ್ಮ ಪಾಠ," ಎಂದಳು ರಾಚವ್ವ. "ಇದು ಅರಿವಿ ಅಲ್ಲ, ಗ್ವಾಡಿ ಆಗೇತಿ. ಒಂದ ಕೊಡಾ ಸೋಸೂದ್ರಾಗ ರೊಟ್ಟಿ ಬಡಿಯೂ ಹೊತ್ತು ಹ್ವಾತು. ಐವತ್ತು ಪಾವಟಿಗಿ ಹತ್ತಿ ಬಂದಾಕಿ ನಾನು. ನಿಮ್ಮ ಸಾಹೇಬ್ರು ಬಂದು ಹತ್ತತಾರೇನು?"

"ತೊಳದು ತೊಳದು ಸೋಸಬೇಕು."

"ತೊಳ್ಯಾಕ ನೀರು ಎಲ್ಲಿಂದ ತರ್ಲಿ? ಅದನ್ನೂ ಸೋಸಲೇನು?"

ಅವನು ಎದುರಿಗೆ ಇದ್ದಾಗ ರಾಚವ್ವ ಸೋಸುತ್ತಿದ್ದಳು, ಅವನು ಸಾಲಿಗೆ ಹೋದ ಮೇಲೆ ಅರಿವೆ ಗೂಟಕ್ಕೆ ಹೋಗುತ್ತಿತ್ತು. ಊರಲ್ಲಿ ಎಲ್ಲರದೂ ಅದೇ. ಸುಂದರವ್ವ ಗೆಳತಿಯರೊಂದಿಗೆ ಬಾವಿಗಿಳಿದು ಬೊಗಸೆಯಲ್ಲೇ ಕುಡಿದು ಬರುತ್ತಿದ್ದಳು. ಗಂಗಯ್ಯನಿಗೆ ಎಲ್ಲ ಗೊತ್ತಿತ್ತು. ಇನ್ನೇನು ಸಾಹೇಬರು ಬರುತ್ತಾರೆ, ಬಾವಿ ಮಂಜೂರಾಗುತ್ತದೆ, ಇದೊಂದು ಬೇಸಿಗೆ ದಾಟಿದರೆ ಸಾಕು ಎಂದು ದಿನ ನೂಕುತ್ತಿದ್ದ.

ಯುಗಾದಿಯಾದ ಎಂಟನೆಯ ದಿನ ಸಾಹೇಬರ ಕುದುರೆ ಸಾಲಿಯ ಮುಂದೆ ಬಂದು ನಿಂತಿತು. ಕುರ್ಚಿಯ ಮೇಲೆ ಕೂತು ಕಾರ್ತಿಕದ ಕಾಗದ ಬಿಚ್ಚಿ, ಒಂದೊಂದೇ ಹೆಸರು ಕರೆದರು. ವಿಭೂತಿ ಗಿಭೂತಿ ಏನೂ ಇರಲಿಲ್ಲ. ಆದರೂ ಹುಡುಗರು ಮೊದಲು ಗಂಗಯ್ಯನ ಮುಖ ನೋಡಿ, ಆಮೇಲೆ ಸಾಹೇಬರ ಕಡೆ ತಿರುಗಿ, "ಸೋಸ್ತೇವ್ರಿ" ಎನ್ನುತ್ತಿದ್ದರು. ಲಕ್ಕಪ್ಪನ ಮಕ್ಕಳು ಆಗ ಅಡವಿ ಬಿಟ್ಟು ಊರಿಗೆ ಬಂದಿದ್ದರು, ಅವರ ತಾಯಿ ನಾಲ್ಕು ದಿನ ಸೋಸಿಯೂ ಇದ್ದಳು. ಆ ಇಬ್ಬರೂ ಮೊದಲಿನಂತೆ "ಇಲ್ರಿ" ಎಂದರು. ಇವರು ಮನೆಯ ಮಾತು ಹೇಳುತ್ತಿಲ್ಲ, ಕಾರ್ತಿಕದ ಮಾತು ಹೇಳುತ್ತಿದ್ದಾರೆ ಎಂಬುದು ಆಗ ಗಂಗಯ್ಯನಿಗೆ ಹೊಳೆಯಿತು.

ಎಲ್ಲರಿಗೂ ಕೊನೆಗೆ ಸುಂದರವ್ವನ ಹೆಸರು ಬಂತು. ಹುಡುಗಿ ಎದ್ದು ನಿಂತಳು. ಅಪ್ಪನ ಮುಖ ನೋಡಲಿಲ್ಲ.

"ಇಲ್ಲರಿ," ಎಂದಳು.

ಸಾಹೇಬರು ಕಾಗದ ನೋಡಿದರು. "ಕಾರ್ತೀಕದಾಗ ಸೋಸ್ತೇವಿ ಅಂದಿದ್ಯಲ್ಲ, ತಂಗಿ?"

"ಆವಾಗ ಸೋಸ್ತಿದ್ವಿರಿ. ಈಗ ರಾಡಿ ಐತಿ. ನೀರು ಇಳಿಯೂದಿಲ್ಲ. ಯಾರೂ ಸೋಸೂದಿಲ್ಲರಿ."

ಸಾಲಿಯಲ್ಲಿ ಪಿಸುಮಾತು ಎದ್ದಿತು. ಮಾಸ್ತರನ ಮಗಳೇ ಮಾತು ಹೊಳ್ಳಿಸಿದಳು, ಜಂಗಮರ ಮಗಳು. ಹಿಂದಿನ ಸಾಲಿನಲ್ಲಿ ಕೂತ ದುಂಡಪ್ಪ ಎಂಬ ಹುಡುಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

"ಮಾಸ್ತರ," ಎಂದರು ಸಾಹೇಬರು, "ಇದು ನಿಮ್ಮ ಮನಿ ಮಾತು. ನೀವ ಹೇಳ್ರಿ."

ಗಂಗಯ್ಯನಿಗೆ ಬಾವಿ ಕಣ್ಣ ಮುಂದೆ ಬಂತು. ಕಟ್ಟಿದ ಕಟ್ಟೆ, ತಿರುಗುವ ಗಡಗಡಿ. ನಲವತ್ತೆರಡು ಕೂಡಿದ ಉತ್ತರದ ನಡುವೆ ಈ ಒಂದು ಒಡಕು. ಊರಿನ ಮಕ್ಕಳೆಲ್ಲ ಅವನ ಬಾಯಿ ನೋಡುತ್ತಿದ್ದವು.

"ಸೋಸ್ತೇವ್ರಿ, ಸಾಹೇಬ್ರ," ಎಂದ. "ಹುಡಿಗಿ ನಿಮ್ಮನ್ನ ನೋಡಿ ಅಂಜೇತ್ರಿ. ಏನೋ ಒಂದು ಅಂತೈತಿ."

ಸಾಹೇಬರು ಬರೆದುಕೊಂಡರು. ಸುಂದರವ್ವ ಆಗ ಅಪ್ಪನ ಕಡೆ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ತಪ್ಪು ಲೆಕ್ಕ ಮಾಡಿ ಹಲಗೆ ಒರೆಸಿಕೊಳ್ಳುವ ಮಗುವಿನ ಮುಖ ಹೇಗಿರುತ್ತದೋ ಹಾಗಿತ್ತು.

"ಇಷ್ಟು ಗಟ್ಟಿ ಉತ್ತರ ನಾನು ಇಡೀ ತಾಲೂಕಿನಾಗ ಕಂಡಿಲ್ಲ," ಎಂದು ಸಾಹೇಬರು ಗಂಗಯ್ಯನ ಭುಜ ತಟ್ಟಿ ಹೋದರು. ಹತ್ತು ದಿನ ಗಂಗಯ್ಯ ಗಾಳಿಯಲ್ಲಿ ತೇಲುವವನಂತೆ ತಿರುಗಿದ. ಗೌಡರ ಹತ್ತಿರ ಕಟ್ಟೆಗೆ ಕಲ್ಲು ಎಲ್ಲಿಂದ ತರುವುದೆಂದು ಕೂಡ ಮಾತಾಡಿದ.

ಹನ್ನೊಂದನೆಯ ದಿನ ಅಂಗಡಿಯ ಮಡಿವಾಳೆಪ್ಪ ಬೈಲಹೊಂಗಲದ ಸಂತೆ ಮಾಡಿಕೊಂಡು ಬಂದ. ಊರಲ್ಲಿ ಉಪ್ಪು, ಬೆಲ್ಲ, ಎಣ್ಣೆ ಮಾರುವವನು, ಗಂಗಯ್ಯನ ಓರಗೆಯವನು, ನಾಲಿಗೆ ಸ್ವಲ್ಪ ಉದ್ದ.

"ಮಾಸ್ತರ್ರ, ಬರ್ರಿ, ಕುಂತ್ರಿ," ಎಂದ. "ಬಾಂವಿ ಮಂಜೂರಾತಂತ."

ಗಂಗಯ್ಯನ ಮುಖ ಅರಳಿತು.

"ಹಿಗ್ಗಬ್ಯಾಡ್ರಿ, ನಮಗಲ್ಲ. ನೇಸರಗಿ ಹಾದ್ಯಾಗ ಒಂದು ಹಳ್ಳಿ ಐತೆಲ್ಲ, ಅಲ್ಲಿಗೆ. ಅಲ್ಲಿ ಹುಡುಗೂರು ಒಮ್ಮೆ ಹೌದು ಅಂದ್ವಂತ, ಒಮ್ಮೆ ಇಲ್ಲ ಅಂದ್ವಂತ. ಪಾಠ ಹತ್ತಿಲ್ಲ, ಪಾಪ, ಅವರಿಗೆ ಕಟ್ಟಿ ಕಟ್ಟಸ್ರಿ ಅಂತ ಬರದಾರ ನಿಮ್ಮ ಸಾಹೇಬ್ರು. ಗುಂಡಿನಹಾಳದಾಗ ಪಾಠ ಹತ್ತೇತಿ, ಎರಡೂ ಸಲ ಪಕ್ಕಾ ಐತಿ, ಅಲ್ಲಿ ಕಲ್ಲು ಮಣ್ಣು ಬ್ಯಾಡ ಅಂತ. ಕಚೇರಿ ಕಟ್ಟಿ ಮ್ಯಾಲ ಕಾರಕೂನ ಹೇಳಿ ನಕ್ಕ."

ಗಂಗಯ್ಯ ಚೀಲದ ಮೇಲೆ ಕೂತ. ಸಾಹೇಬರ ತಕ್ಕಡಿಯ ಮಾತು ಹೇಳಿದ. ಅದೇ ಚೀಲ, ಅದೇ ತೂಕ.

ಮಡಿವಾಳೆಪ್ಪ ತನ್ನ ತಕ್ಕಡಿಯ ಕಡೆ ನೋಡಿ ಒಂದು ನಮೂನೆ ನಕ್ಕ. "ನಿಮ್ಮ ಸಾಹೇಬ್ರು ಅಂಗಡಿ ಹಾಕಿದವರಲ್ಲ, ಅದಕ್ಕ. ತೂಗೂ ಪರಡಿ ಕೆಳಗ ಒಂದು ಮಣ್ಣಿನ ಹೆಂಟಿ ಸಿಗಿಸಿ ಬಿಟ್ರ ತಕ್ಕಡಿ ಮುಂಜಾನೆನೂ ಅಲುಗೂದಿಲ್ಲ, ಸಂಜೀಕನೂ ಅಲುಗೂದಿಲ್ಲ. ಹತ್ತ ಸಲ ತೂಗ್ರಿ, ಅದ ತೂಕ. ಅಲುಗೂ ತಕ್ಕಡಿನರೆ ಬೇಕು, ಜೀವ ಇರತೈತಿ ಅದಕ್ಕ. ಹೋಗ್ಲಿ, ನಮ್ಮ ತಕ್ಕಡಿಗೆ ಹೆಂಟಿ ಇಟ್ಟಾವ್ರು ಯಾರಂತ?"

ಅವನು ನಗೆಚಾಟಿಕೆಗೆ ಕೇಳಿದ್ದ. ಗಂಗಯ್ಯನ ಮುಖ ನೋಡಿ ಉಪ್ಪಿನ ಚೀಲ ಬಿಚ್ಚತೊಡಗಿದ.

ಮರುದಿನ ಬೆಳಗಾದೊಡನೆ ಗಂಗಯ್ಯ ಬೈಲಹೊಂಗಲಕ್ಕೆ ನಡೆದ. ಸಾಹೇಬರು ಮುಸಾಫರಖಾನೆಯಲ್ಲಿ ಇಳಿದಿದ್ದರು. ಅವರ ಮುಂದೆ ನಿಂತು ಎಲ್ಲ ಒಪ್ಪಿಸಿದ. ರಾಡಿ, ಗೂಟಕ್ಕೆ ಹೋದ ಅರಿವೆ, ವಿಭೂತಿ, ಮಗಳ ಮಾತನ್ನು ತಾನು ಮುಚ್ಚಿದ್ದು. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಮೇಲಿನವರ ಮುಂದೆ ಹಾಗೆ ಒಂದೇ ಉಸಿರಿಗೆ ಮಾತಾಡಿದ್ದು ಅದೇ ಮೊದಲು.

ಸಾಹೇಬರು ಕೆಟ್ಟವರಲ್ಲ. ಸಿಟ್ಟಾಗಲಿಲ್ಲ. "ಬಾವಿ ಬರಲಿಲ್ಲಂತ ಈಗ ಹಿಂಗ ಹೇಳ್ಲಿಕ್ಕೆ ಹತ್ತೀರಿ ಅಂತ ಯಾರರೆ ಅಂದ್ರ ನಾನೇನು ಹೇಳ್ಲಿ?" ಎಂದರು. ಸ್ವಲ್ಪ ಹೊತ್ತು ಯೋಚಿಸಿದರು. "ಇರ್ಲಿ. ಅಲ್ಲಿಗೆ ಕಲ್ಲು ಇನ್ನೂ ಹೋಗಿಲ್ಲ. ನಾಡದ ಬರ್ತೀನಿ. ಮೂರನೇ ಸಲ ಕೇಳ್ತೀನಿ. ಉತ್ತರ ಬದಲಾತಂದ್ರ ವರದಿ ಬದಲ ಮಾಡ್ತೀನಿ. ಇದು ನನ್ನ ಮಾತು."

ಗಂಗಯ್ಯ ದಾರಿ ತುಂಬ ಹಗುರಾಗಿ ನಡೆದು ಬಂದ. ಮಕ್ಕಳಲ್ಲವೇ, ಒಂದು ಮಾತು ತಿಳಿಸಿ ಹೇಳಿದರೆ ಆಯಿತು.

ಮೂರನೆಯ ದಿನ ಸಾಹೇಬರು ಬಂದರು. ಗಂಗಯ್ಯ ಎಲ್ಲರ ಮುಂದೆ ನಿಂತು, "ಮಕ್ಕಳ, ಖರೇ ಹೇಳ್ರಿ. ಈಗ ನಿಮ್ಮ ಮನ್ಯಾಗ ಸೋಸೂದಿಲ್ಲ, ನನಗ ಗೊತ್ತೈತಿ. ಇಲ್ಲ ಅಂದ್ರ ನಾ ಬಯ್ಯೂದಿಲ್ಲ, ದೇವರೂ ಮುನಿಯೂದಿಲ್ಲ," ಎಂದ.

ಸಾಹೇಬರು ತಡೆದರು. "ಮಾಸ್ತರ, ಉತ್ತರ ನೀವ ಹೇಳಿಕೊಟ್ರ ನಾನು ಕೇಳಿ ಏನು ಉಪಯೋಗ? ನೀವು ಹೊರಗ ನಿಂದ್ರರಿ."

ಗಂಗಯ್ಯ ಹೊರಗೆ ಕಟ್ಟೆಯ ಮೇಲೆ ನಿಂತ. ಬಿಸಿಲು ಸುಡುತ್ತಿತ್ತು. ಒಳಗಿಂದ ಹೆಸರು ಕರೆಯುವುದು ಕೇಳುತ್ತಿತ್ತು, ಉತ್ತರ ಕೇಳುತ್ತಿತ್ತು.

"ಸೋಸ್ತೇವ್ರಿ."

"ಸೋಸ್ತೇವ್ರಿ."

ಗೋಡೆಗೆ ಕೈ ಊರಿದ. ಹುಡುಗರಿಗೆ ಅವನ ಮಾತು ಪರೀಕ್ಷೆಯಂತೆ ಕೇಳಿತ್ತು. ಮಾಸ್ತರ ಹೀಗೆ ಪುಸಲಾಯಿಸಿ, ಮಾತು ಹೊಳ್ಳಿಸುವವರು ಯಾರೆಂದು ನೋಡುತ್ತಿದ್ದಾನೆ ಅಂದುಕೊಂಡಿದ್ದವು. ಹೊಳ್ಳಿಸಿದ ಸುಂದರವ್ವನ ಮಾತನ್ನು ಅವನೇ ಎಲ್ಲರ ಮುಂದೆ ಅಳಿಸಿದ್ದನ್ನು ಕಂಡಿದ್ದವು ಬೇರೆ.

ದುಂಡಪ್ಪನ ಸರದಿ ಬಂತು. ಅವನ ಕಾಲಿಗೆ ಚಿಂದಿ ಸುತ್ತಿತ್ತು, ಚಿಂದಿಯ ಅಂಚಿಗೆ ಕಡ್ಡಿ.

"ಕಾಲಿಗೇನೋ?" ಸಾಹೇಬರ ದನಿ.

"ನಾರು ಹೊಂಟೈತ್ರಿ."

"ಮನ್ಯಾಗ ನೀರು ಸೋಸ್ತೀರೇನು?"

"ಸೋಸ್ತೇವ್ರಿ."

ಗಂಗಯ್ಯ ತಡೆಯಲಾರದೆ ಬಾಗಿಲಿಗೆ ಬಂದ. "ಸಾಹೇಬ್ರ, ಆ ಕಾಲು ನೋಡ್ರಿ. ಸೋಸಿದ್ರ ಆ ಕಾಲು ಹಂಗ್ಯಾಕ ಇರತಿತ್ರಿ?"

"ಅದು ಹೋದ ಬ್ಯಾಸಿಗೀಗೆ ಕುಡದ ನೀರಿಂದು, ಮಾಸ್ತರ. ನಾನ ಹೇಳಿದ್ನೆಲ್ಲ. ಪಾಠ ಸುರು ಆಗೂದಕ್ಕಿಂತ ಮೊದಲಿಂದು." ಸಾಹೇಬರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಕೊನೆಗೆ ಸುಂದರವ್ವನನ್ನು ಕರೆದರು. ಗಂಗಯ್ಯ ಬಾಗಿಲಲ್ಲೇ ನಿಂತಿದ್ದ. ಇವಳೊಬ್ಬಳು ಇದ್ದಾಳೆ ಎಂದುಕೊಂಡ. ಇವಳೊಬ್ಬಳು ಹೇಳಿದರೆ ಹಗ್ಗದ ಒಂದು ಎಳೆ ಬಿಚ್ಚಿದಂತಾಗುತ್ತದೆ.

ಹುಡುಗಿ ಅಪ್ಪನನ್ನು ನೋಡಿದಳು, ಸಾಹೇಬರನ್ನು ನೋಡಿದಳು. "ಸೋಸ್ತೇವ್ರಿ," ಎಂದಳು.

ಸಾಹೇಬರು ಆದರೂ ಎದ್ದರು. ಮೂರು ಮನೆ ಹೊಕ್ಕು ಸೋಸುವ ಅರಿವೆ ತೋರಿಸಿರೆಂದು ಕೇಳಿದರು. ಸಾಹೇಬರು ಬಾಗಿಲಿಗೆ ಬಂದಾಗ ಮನೆಯ ಮರ್ಯಾದೆ ಕಳೆಯುವ ಹೆಂಗಸು ಯಾವಳು? ಗೌಡರ ಮನೆಯ ಇಂದ್ರವ್ವ ಪೆಟ್ಟಿಗೆಯಿಂದ ತೆಗೆದು ತಂದಳು, ಮಡಿಚಿ ಇಟ್ಟ ಅರಿವೆ, ಹಾಲಿನಷ್ಟು ಬೆಳ್ಳಗೆ. ಉಳಿದೆರಡು ಮನೆಯಲ್ಲೂ ಹಾಗೇ.

"ಎಷ್ಟು ಸ್ವಚ್ಛ ಇಟ್ಟಾರ ನೋಡ್ರಿ," ಎಂದರು ಸಾಹೇಬರು. ಉಪಯೋಗಿಸದ್ದಕ್ಕೆ ಸ್ವಚ್ಛ ಇದೆ ಎಂದು ಗಂಗಯ್ಯ ಹೇಳಿದ. ಸಾಹೇಬರು ಆ ಹೆಂಗಸರ ಮುಂದೆ ಅವನನ್ನು ನೋಡಿದ ನೋಟಕ್ಕೆ ಅವನ ತಲೆ ತಾನಾಗಿ ತಗ್ಗಿತು.

ಕುದುರೆ ಹತ್ತುವ ಮೊದಲು ಸಾಹೇಬರು ಮೆಲ್ಲಗೆ ಹೇಳಿದರು. "ಮಾಸ್ತರ, ನಲವತ್ತೆರಡು ಮಕ್ಕಳು ಮೂರು ಸಲ ಒಂದ ಮಾತು ಹೇಳ್ಯಾವ, ನಿಮ್ಮ ಮಗಳೂ ಇವತ್ತ ಅದನ್ನ ಅಂದಳು. ನೀವು ಒಬ್ಬರು ಎರಡು ಸಲಕ್ಕ ಎರಡು ಮಾತು ಹೇಳೀರಿ. ನೀವ ನನ್ನ ಜಾಗಾದಾಗ ಇದ್ರ ಯಾರನ್ನ ನಂಬ್ತಿದ್ರಿ?"

ಗಂಗಯ್ಯ ಕೈ ಮುಗಿದ. ಕುದುರೆ ಹೋಯಿತು.

ಮನೆಗೆ ಬಂದು ಮಗಳನ್ನು ಹತ್ತಿರ ಕರೆದ. "ಯಾಕವ್ವಾ, ಅವತ್ತು ಇಲ್ಲ ಅಂದಾಕಿ ಇವತ್ತ ಯಾಕ ಹಂಗಂದಿ?"

"ನೀನ ಹೇಳಿದ್ಯೆಲ್ಲಪ್ಪಾ," ಎಂದಳು ಹುಡುಗಿ. "ಅದ ಖರೇ ಉತ್ತರ ಅಂತ ತಿಳಕೊಂಡ್ನಿ."

ಆಮೇಲಿನ ಬೇಸಿಗೆಯೆಲ್ಲ ಗಂಗಯ್ಯ ಬೆಳಗು ಮುಂಜಾನೆ ಬಾವಿಯ ಮೇಲಿನ ಪಾವಟಿಗೆಯಲ್ಲಿ ಅರಿವೆ ಹಿಡಿದು ನಿಲ್ಲುತ್ತಿದ್ದ. ಬರುವ ಹೋಗುವ ಹೆಂಗಸರಿಗೆ, ಯವ್ವಾ, ಕುಡಿಯುವ ಒಂದು ಕೊಡವಾದರೂ ಸೋಸಿರಿ ಎನ್ನುತ್ತಿದ್ದ.

"ಸೋಸ್ತೇವಿ ಅಂತ ಸರಕಾರದಾಗ ಬರಕೊಂಡಾರಲ್ರಿ ಅಯ್ಯಾರ," ಎಂದು ಬಾಯವ್ವ ಎಂಬ ಮುದುಕಿ ಒಮ್ಮೆ ನಕ್ಕಳು. "ಮತ್ತ್ಯಾಕ ಸೋಸಬೇಕು?" ಸುತ್ತಲಿನವರೆಲ್ಲ ನಕ್ಕರು. ಮಳೆ ಬಂತು, ನೀರು ಏರಿತು, ಅವನು ನಿಲ್ಲುವುದನ್ನು ಬಿಟ್ಟ. ಸಾಲಿಯಲ್ಲಿ ಆರೋಗ್ಯದ ಪಾಠವನ್ನೂ ಬಿಟ್ಟ. ಯಾರೂ ಕೇಳಲಿಲ್ಲ. ಗುಂಡಿನಹಾಳದ ಪಾಠ ಮುಗಿದಿದೆಯೆಂದು ಮೇಲೆ ಬರೆದಾಗಿತ್ತು.

ಮುಂದಿನ ವರ್ಷ ಶಿವರಾತ್ರಿ ದಾಟುವುದರೊಳಗೆ ಊರಲ್ಲಿ ಇಪ್ಪತ್ತಾರು ಕಾಲುಗಳಿಗೆ ನಾರು ಹೊರಟಿತು. ಸುಂದರವ್ವನಿಗೆ ಮೊಣಕಾಲಿನ ಕೀಲಿನಲ್ಲೇ ಬೊಬ್ಬೆ ಎದ್ದಿತು. ಗಂಗಯ್ಯ ಕೂತು ಕಡ್ಡಿ ಸುತ್ತಿದ. ಯಾವ ದಿನದ ನೀರು ಇದು, ಸಾಹೇಬರ ಮುಂದೆ ನಿಂತ ದಿನದ್ದೋ, ಅದರ ಹಿಂದಿನದೋ, ಮುಂದಿನದೋ ಎಂದು ಸುತ್ತುವಾಗ ಲೆಕ್ಕ ಹಾಕುತ್ತಿದ್ದ. ಲೆಕ್ಕ ಹತ್ತುತ್ತಿರಲಿಲ್ಲ. ಒಂಬತ್ತನೆಯ ದಿನ ಅವನ ಬೆರಳು ಒಂದು ಸುತ್ತು ಹೆಚ್ಚು ಎಳೆದು ನಾರು ಹರಿಯಿತು.

ಮೊಣಕಾಲು ಕುಂಬಳಕಾಯಿಯಷ್ಟು ಬಾತಿತು. ಗಾಡಿ ಕಟ್ಟಿ ಬೈಲಹೊಂಗಲದ ದವಾಖಾನೆಗೆ ಒಯ್ದರು. ಡಾಕ್ಟರು ಕೊಯ್ದು ಕೀವು ತೆಗೆದರು, ಕಾಲು ಉಳಿಯಿತು, ಆದರೆ ಮಡಿಚಿದ್ದು ಮತ್ತೆ ನೆಟ್ಟಗಾಗಲಿಲ್ಲ. ಹುಡುಗಿ ಜ್ವರದಲ್ಲಿ ಎಲುಬಾಗಿ ಮನೆಗೆ ಬಂದಳು. ಪಡಸಾಲೆಯಲ್ಲಿ ಹಾಸಿಗೆ ಹಾಕಿದರು. ಗಾಯ ಮೇಲೆ ಮಾಯ್ದಂತೆ ಕಾಣುತ್ತಿತ್ತು, ಒಳಗೆ ಇನ್ನೂ ಏನಿತ್ತೋ ಯಾರಿಗೆ ಗೊತ್ತು. ನೋವು ಹೆಚ್ಚಾದರೆ ತಡಮಾಡದೆ ಕರೆತನ್ನಿರೆಂದು ಡಾಕ್ಟರು ಮತ್ತೆ ಮತ್ತೆ ಹೇಳಿ ಕಳಿಸಿದ್ದರು.

ಅದಕ್ಕೆ ಗಂಗಯ್ಯ ಸಾಲಿಗೆ ಹೋಗುವ ಮುಂಚೆ ಅವಳ ಹತ್ತಿರ ಕೂತು ಕೇಳುತ್ತಿದ್ದ.

"ನೋವು ಐತೇನವ್ವಾ?"

"ಇಲ್ಲಪ್ಪಾ."

ಸಂಜೆ ಬಂದು ಮತ್ತೆ ಕೇಳುತ್ತಿದ್ದ.

"ಇಲ್ಲಪ್ಪಾ."

ಮೈ ಮುಟ್ಟಿದರೆ ಕೆಂಡ, ಅದು ದವಾಖಾನೆಯಿಂದ ಬಂದಾಗಲೂ ಹಾಗೇ ಇತ್ತು. ತುಟಿ ಕಚ್ಚಿದ ಗುರುತು. ಆದರೆ ಉತ್ತರ ಅದೇ. ರಾಚವ್ವ ಕೇಳಿದರೂ ಅದೇ, ನೆರೆಯವರು ಕೇಳಿದರೂ ಅದೇ. ಖರೇ ಹೇಳವ್ವಾ ಎಂದು ಅವನು ಕೈ ಹಿಡಿದು ಕೇಳಿದ, ನಾನೇನೂ ಅನ್ನುವುದಿಲ್ಲ ಎಂದು ಕೇಳಿದ. ಹುಡುಗಿ ಅವನ ಮುಖವನ್ನೇ ನೋಡಿ, ಅವನಿಗೆ ಯಾವ ಮಾತು ಬೇಕೆಂದು ಹುಡುಕುವವಳಂತೆ ಒಂದು ಗಳಿಗೆ ತಡೆದು, ಮತ್ತೆ ಇಲ್ಲವೆಂದಳು.

ಗಾಡಿ ಕಟ್ಟಬೇಕೋ ಬೇಡವೋ ತಿಳಿಯದೆ ಗಂಗಯ್ಯ ಹೊಸ್ತಿಲ ಮೇಲೆ ಕೂತ.